ದುಬಾರಿ ಚಿಕಿತ್ಸೆ, ಮನೆ ಆರೈಕೆ, ಇಲ್ಲಾ ಬೀಳ್ಕೊಡುವುದು: ಕಾಯಿಲೆ ಬಿದ್ದ ನಾಯಿ, ಬೆಕ್ಕಿಗೆ ಯಾವ ದಾರಿ?

ಒಂದೇ ನಾಯಿಗೆ ನಾವು ಎರಡು ಸಲ ದೊಡ್ಡ ದುಡ್ಡು ಖರ್ಚು ಮಾಡಿದೆವು. ಮೊದಲ ಸಲ ಮಾಡಿದ್ದು ಸರಿಯಾಗಿತ್ತು. ಎರಡನೇ ಸಲ ಮಾಡಿದ್ದು ತಪ್ಪಾಯಿತು ಅಂತ ಈಗ ಅನಿಸುತ್ತದೆ.

ಅವನ ಹೆಸರು ಕೆಂಚ. ನಾಟಿ ನಾಯಿ. ಬೆಂಗಳೂರಿನ ಹನುಮಂತನಗರದ ನಮ್ಮ ಬೀದಿಯ ಮೂಲೆಯಲ್ಲಿ ಎಳನೀರಿನ ಗಾಡಿಯ ಕೆಳಗೆ ಸಿಕ್ಕ ಮರಿ. ಐದು ವರ್ಷದವನಿದ್ದಾಗ ಉಣ್ಣೆ ಜ್ವರ ಬಂತು. ಮೂಗಿನಿಂದ ರಕ್ತ ಸೋರುತ್ತಿತ್ತು, ಪ್ಲೇಟ್‌ಲೆಟ್ 22,000ಕ್ಕೆ ಇಳಿದಿತ್ತು. ಆರೋಗ್ಯವಾಗಿರುವ ನಾಯಿಗೆ ಅದು ಸುಮಾರು ಎರಡು ಲಕ್ಷದ ಮೇಲೆ ಇರಬೇಕು. ಪಕ್ಕದ ಮನೆಯ ಆಂಟಿ, "ಬೀದಿ ನಾಯಿಗೆ ಇಷ್ಟು ದುಡ್ಡಾ? ಸುಮ್ನೆ ಬಿಟ್ಟುಬಿಡಮ್ಮ" ಅಂದರು. ಬಿಡಲಿಲ್ಲ. ರಕ್ತ ಕೊಡಿಸಿದೆವು, 28 ದಿನ ಮಾತ್ರೆ ಹಾಕಿದೆವು. ಎದ್ದು ಕೂತ. ಆಮೇಲೆ ಇನ್ನೂ ಆರು ವರ್ಷ ಗೇಟಿನ ಹತ್ತಿರ ಕೂತು ಹಾಲಿನವರಿಗೆ ಬೊಗಳಿದ.

ಹನ್ನೊಂದನೇ ವರ್ಷಕ್ಕೆ ಕಿಡ್ನಿ ಹೋಯಿತು. ಆಗ ನಾವು ಯೋಚನೆಯನ್ನೇ ಮಾಡಲಿಲ್ಲ. ಹೋದ ಸಲ ಉಳಿಸಿಕೊಂಡಿದ್ದೆವಲ್ಲ, ಈ ಸಲವೂ ಉಳಿಸಿಕೊಳ್ಳೋಣ ಅಂದುಕೊಂಡೆವು. ಒಂಬತ್ತು ದಿನ ಅಡ್ಮಿಟ್, 78,000 ರೂಪಾಯಿ. ಮನೆಗೆ ಬಂದ ಮೇಲೆ ಅವನು ಇದ್ದದ್ದು ನಾಲ್ಕೇ ದಿನ. ಅವನ ಕೊನೆಯ ಹದಿಮೂರು ದಿನಗಳಲ್ಲಿ ಒಂಬತ್ತು ದಿನ ಕಬ್ಬಿಣದ ಪಂಜರದೊಳಗೆ, ಗುರುತಿಲ್ಲದವರ ನಡುವೆ ಕಳೆದುಹೋಯಿತು. ದುಡ್ಡು ಹೋದದ್ದಕ್ಕೆ ನನಗೆ ಅಷ್ಟು ಸಂಕಟ ಇಲ್ಲ. ಆ ಒಂಬತ್ತು ದಿನಕ್ಕೆ ಇದೆ.

ಇಂಥ ಹೊತ್ತಿನಲ್ಲಿ ನಾವು ದುಡ್ಡನ್ನೂ ಪ್ರೀತಿಯನ್ನೂ ತಕ್ಕಡಿಗೆ ಹಾಕಿ ತೂಗುತ್ತೇವೆ. ಹಾಗೆ ತೂಗಿದರೆ ಉತ್ತರ ಸಿಗುವುದೇ ಇಲ್ಲ. ತೂಗಬೇಕಾದದ್ದು ದಿನಗಳನ್ನು. ಈ ದುಡ್ಡಿಗೆ ಎಷ್ಟು ದಿನ ಸಿಗುತ್ತದೆ, ಆ ದಿನಗಳು ಪ್ರಾಣಿಗೆ ಹೇಗಿರುತ್ತವೆ, ಎಲ್ಲಿ ಕಳೆಯುತ್ತವೆ. ಕೆಳಗೆ ಬರೆದಿರುವುದೆಲ್ಲ ಇದೇ ಲೆಕ್ಕದಲ್ಲಿ.

ಡಾಕ್ಟರ್ ಹತ್ತಿರ ಮೊದಲು ಕೇಳಬೇಕಾದ್ದು

"ಡಾಕ್ಟ್ರೇ, ಉಳಿಯುತ್ತಾ?" ಅಂತ ಎಲ್ಲರೂ ಕೇಳುತ್ತೇವೆ. "ಪ್ರಯತ್ನ ಮಾಡೋಣ" ಅಂತ ಅವರು ಹೇಳುತ್ತಾರೆ. ಅವರು ಬೇರೆ ಏನು ತಾನೇ ಹೇಳಲು ಸಾಧ್ಯ? ಪ್ರಶ್ನೆಯನ್ನು ಬದಲಾಯಿಸಿ. "ಈ ಚಿಕಿತ್ಸೆಯಿಂದ ಕಾಯಿಲೆ ವಾಸಿಯಾಗುತ್ತಾ, ಇಲ್ಲಾ ಸ್ವಲ್ಪ ಕಾಲ ಮುಂದಕ್ಕೆ ಹೋಗುತ್ತಾ, ಇಲ್ಲಾ ನೋವು ಮಾತ್ರ ಕಡಿಮೆಯಾಗುತ್ತಾ?" ಮೂರೂ ಬೇರೆ ಬೇರೆ ವಿಷಯ. ಮೂರಕ್ಕೂ ಬರುವ ಬಿಲ್ ಮಾತ್ರ ಕೆಲವು ಸಲ ಒಂದೇ ಥರ ಇರುತ್ತದೆ. ಅದಕ್ಕೇ ನಾವು ಮೋಸ ಹೋಗುವುದು.

ಇನ್ನೊಂದು ಪ್ರಶ್ನೆ ಇದೆ. ನನಗೆ ಇದು ತಡವಾಗಿ ಹೊಳೆಯಿತು: "ಎಷ್ಟು ದಿನದಲ್ಲಿ ಏನು ಸುಧಾರಿಸಿದರೆ ಮುಂದುವರಿಸೋಣ? ಸುಧಾರಿಸದಿದ್ದರೆ ನಿಲ್ಲಿಸುವುದು ಯಾವಾಗ?" ಇದನ್ನು ಅಡ್ಮಿಟ್ ಮಾಡುವ ಮುಂಚೆಯೇ ಕೇಳಬೇಕು. ಕಿಡ್ನಿ ಎಷ್ಟು ಕೆಟ್ಟಿದೆ ಅಂತ ತೋರಿಸುವ ರಕ್ತದ ಅಂಕಿ ಕ್ರಿಯಾಟಿನಿನ್, ಏರಿದಷ್ಟೂ ಕೆಟ್ಟದ್ದು. ಕೆಂಚನಿಗೆ ಅದು ಮೊದಲ ದಿನ 7.8 ಇತ್ತು. ಮೂರು ದಿನ ಡ್ರಿಪ್ಸ್ ಹಾಕಿದ ಮೇಲೆ 6.9. ಆರನೇ ದಿನ ಮತ್ತೆ 7.4. ಮೂರನೇ ದಿನದ ರಿಪೋರ್ಟಿನಲ್ಲೇ ಉತ್ತರ ಇತ್ತು. ಆಸ್ಪತ್ರೆಯವರು ರಿಪೋರ್ಟ್ ಕೈಗೆ ಕೊಟ್ಟಿದ್ದರು ಕೂಡ. ನಾವು ನಿಲ್ಲಿಸುವ ಗೆರೆಯನ್ನೇ ಎಳೆದುಕೊಂಡಿರಲಿಲ್ಲ. ಹಾಗಾಗಿ ದಿನಾ ಬೆಳಗ್ಗೆ "ಇನ್ನೊಂದು ದಿನ ನೋಡೋಣ" ಅನ್ನುತ್ತಲೇ ಹೋದೆವು.

ದುಡ್ಡು ಹಾಕಲು ಹಿಂಜರಿಯಬೇಡಿ ಅನ್ನುವ ಕಾಯಿಲೆಗಳು

ಕೆಲವು ಕಾಯಿಲೆ ನೋಡಲು ಭಯಂಕರ, ಆದರೆ ವಾಸಿಯಾಗುತ್ತವೆ. ಇಲ್ಲಿ ಕೈಬಿಟ್ಟರೆ ಆಮೇಲೆ ತುಂಬಾ ದಿನ ಕಾಡುತ್ತದೆ.

ನಾಯಿಮರಿಗಳಿಗೆ ಬರುವ ಪಾರ್ವೋ ಅನ್ನುವ ವೈರಸ್ ಕಾಯಿಲೆ ಮೊದಲನೆಯದು. ವಾಂತಿ, ರಕ್ತಭೇದಿ, ಎರಡೇ ದಿನದಲ್ಲಿ ಮರಿ ಬಟ್ಟೆಯ ಮುದ್ದೆಯಂತಾಗುತ್ತದೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಹೆಚ್ಚಿನವು ಸಾಯುತ್ತವೆ. ಸರಿಯಾಗಿ ಡ್ರಿಪ್ಸ್, ವಾಂತಿ ನಿಲ್ಲಿಸುವ ಔಷಧಿ, ಆರೈಕೆ ಸಿಕ್ಕರೆ ಹೆಚ್ಚಿನವು ಬದುಕುತ್ತವೆ. ಐದರಿಂದ ಏಳು ದಿನದ ಹೋರಾಟ, ಮುಂದೆ ಹತ್ತು ಹನ್ನೆರಡು ವರ್ಷದ ಬಾಳು. ಆಸ್ಪತ್ರೆ ಖರ್ಚು ಕೈಗೆಟುಕದಿದ್ದರೆ ಅದನ್ನು ಡಾಕ್ಟರಿಗೆ ನೇರವಾಗಿ ಹೇಳಿ. ದಿನಕ್ಕೆ ಎರಡು ಸಲ ಕರೆದುಕೊಂಡು ಹೋಗಿ ಡ್ರಿಪ್ಸ್ ಹಾಕಿಸಿಕೊಂಡು ಬಂದು ಉಳಿಸಿಕೊಂಡವರನ್ನು ನಾನು ನೋಡಿದ್ದೇನೆ.

ಉಣ್ಣೆ ಜ್ವರದ ಕಥೆ ಆಗಲೇ ಹೇಳಿದೆ. ಬೆಂಗಳೂರಿನ ನಾಯಿಗಳಿಗೆ ಇದು ತುಂಬಾ ಸಾಮಾನ್ಯ. ಎರ್ಲಿಕಿಯಾ ಅನ್ನುವ ರೋಗಾಣುವಿಗೆ ಕೊಡುವ ಡಾಕ್ಸಿಸೈಕ್ಲಿನ್ ದುಬಾರಿ ಔಷಧಿಯಲ್ಲ. ಖರ್ಚಾಗುವುದು ರಕ್ತಪರೀಕ್ಷೆಗೆ ಮತ್ತು ರಕ್ತ ಕೊಡಿಸುವುದಕ್ಕೆ. ಹತ್ತು ದಿನಕ್ಕೆ ನಾಯಿ ಚುರುಕಾಯಿತು ಅಂತ ಮಾತ್ರೆ ನಿಲ್ಲಿಸಬೇಡಿ, ನಾಲ್ಕು ವಾರ ಪೂರ್ತಿ ಕೊಡಿ.

ಸಂತಾನಹರಣ ಆಪರೇಷನ್ ಮಾಡಿಸದ ಹೆಣ್ಣು ನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವುದುಂಟು, ಪಯೋಮೆಟ್ರಾ ಅಂತಾರೆ. ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ನೀರು ಜಾಸ್ತಿ ಕುಡಿಯುತ್ತದೆ, ಊಟ ಬಿಡುತ್ತದೆ. ಗರ್ಭಕೋಶ ತೆಗೆಸುವುದೇ ದಾರಿ, ಬೇಗ ತೆಗೆಸಿದರೆ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ದೊಡ್ಡ ತಳಿಯ ನಾಯಿಯ ಹೊಟ್ಟೆ ಇದ್ದಕ್ಕಿದ್ದಂತೆ ಉಬ್ಬಿ, ವಾಂತಿ ಮಾಡಲು ಹೋಗಿ ಏನೂ ಬರದೇ ಇದ್ದರೆ ಜಠರ ತಿರುಚಿಕೊಂಡಿರಬಹುದು. ಆಗ ಯೋಚಿಸಲು ಸಮಯವೇ ಇಲ್ಲ, ಗಂಟೆಗಳ ಲೆಕ್ಕ. ಕೂಡಲೇ ಹೊರಡಿ.

ಕ್ಯಾನ್ಸರ್ ಅನ್ನುವ ಮಾತು ಕೇಳಿದ ತಕ್ಷಣವೂ ಕೈಚೆಲ್ಲಬೇಡಿ. ಬೀದಿಯಿಂದ ತಂದ ನಾಯಿಗಳಲ್ಲಿ ಜನನಾಂಗದ ಹತ್ತಿರ ಹೂಕೋಸಿನಂಥ, ರಕ್ತ ಸೋರುವ ಗಡ್ಡೆ ಬರುತ್ತದೆ. ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಹರಡುವ ಗಡ್ಡೆ ಅದು. ಹೆಸರಿಗೆ ಕ್ಯಾನ್ಸರೇ. ಆದರೆ ವಾರಕ್ಕೊಂದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್, ನಾಲ್ಕರಿಂದ ಆರು ವಾರ ಕೊಟ್ಟರೆ ಬಹುತೇಕ ನಾಯಿಗಳಲ್ಲಿ ಪೂರ್ತಿ ಕರಗುತ್ತದೆ. ಗಡ್ಡೆ ಯಾವುದು ಅಂತ ಸೂಜಿ ಹಾಕಿ ಪರೀಕ್ಷೆ ಮಾಡಿಸದೆ ತೀರ್ಮಾನಕ್ಕೆ ಬಂದುಬಿಟ್ಟರೆ ಒಂದು ಜೀವ ಸುಮ್ಮನೆ ಹೋದಂತೆ.

ಬೆಕ್ಕು ಸಾಕಿದವರಿಗೆ, ವೈರಸ್ಸಿನಿಂದ ಬರುವ ಕಾಯಿಲೆಯಾದ ಎಫ್‌ಐಪಿ ಹೆಸರು ಗೊತ್ತಿರುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಬಿಡದ ಜ್ವರ. ಕೆಲವು ವರ್ಷದ ಹಿಂದಿನವರೆಗೂ ಈ ಹೆಸರು ಕೇಳಿದರೆ ಬೆಕ್ಕು ಹೋದಂತೆಯೇ ಲೆಕ್ಕ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೀಲ್ಸ್ ಪೆಡರ್ಸನ್ ಅವರ ತಂಡ ಜಿಎಸ್-441524 ಅನ್ನುವ ಔಷಧಿಯನ್ನು 31 ಬೆಕ್ಕುಗಳಿಗೆ ಕೊಟ್ಟು 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಅವುಗಳಲ್ಲಿ 26 ಬೆಕ್ಕುಗಳು 12 ವಾರದ ಚಿಕಿತ್ಸೆ ಮುಗಿಸಿದವು, ಹೆಚ್ಚಿನವು ಬದುಕುಳಿದವು. ಈಗ 84 ದಿನದ ಕೋರ್ಸ್ ಅಂತ ಅದೇ ರೂಢಿಯಾಗಿದೆ. ಔಷಧಿ ಎಷ್ಟು ಬೇಕು ಅನ್ನುವುದು ಬೆಕ್ಕಿನ ತೂಕದ ಮೇಲೆ. ಹಾಗಾಗಿ ಮರಿಗೆ ಕಡಿಮೆ, ದೊಡ್ಡ ಬೆಕ್ಕಿಗೆ ಜಾಸ್ತಿ ಖರ್ಚು. ಹಳೇ ಮಾಹಿತಿ ಇಟ್ಟುಕೊಂಡು "ಇದಕ್ಕೆ ಔಷಧಿ ಇಲ್ಲ" ಅಂತ ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ.

ದುಡ್ಡಿಗೆ ಸಮಯ ಮಾತ್ರ ಸಿಗುವ ಕಾಯಿಲೆಗಳು

ಇಲ್ಲಿ ಹೋಲಿಕೆ ನಿಜಕ್ಕೂ ಕಷ್ಟ. ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾ ತೆಗೆದುಕೊಳ್ಳಿ. ನಾಯಿಯ ಗಂಟಲ ಕೆಳಗೆ, ಮೊಣಕಾಲ ಹಿಂದೆ ಗಂಟುಗಳು ದಪ್ಪ ಆಗುತ್ತವೆ. ಏನೂ ಮಾಡದಿದ್ದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಸ್ಟೀರಾಯ್ಡ್ ಮಾತ್ರೆ ಮಾತ್ರ ಕೊಟ್ಟರೆ ಒಂದೆರಡು ತಿಂಗಳು. ಹಲವು ಔಷಧಿಗಳ ಕೀಮೋ ಕೊಡಿಸಿದರೆ ಸುಮಾರು ಒಂದು ವರ್ಷ. ನಾಯಿಗೆ ಒಂದು ವರ್ಷ ಅಂದರೆ ಸಣ್ಣ ಕಾಲವಲ್ಲ. ಕೀಮೋ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಮನುಷ್ಯರ ಕೀಮೋ ಬರುತ್ತದೆ. ನಾಯಿಗಳಿಗೆ ಕೊಡುವ ಪ್ರಮಾಣ ಕಡಿಮೆ, ತೊಂದರೆಯೂ ಹೆಚ್ಚಿನವಕ್ಕೆ ಕಡಿಮೆಯೇ. ಆದರೆ ತಿಂಗಳುಗಟ್ಟಲೆ, ಮೊದಮೊದಲು ವಾರ ವಾರ ಆಸ್ಪತ್ರೆಗೆ ಓಡಾಟ. ಗಾಡಿ ಹತ್ತಿದರೆ ಖುಷಿಪಡುವ ನಾಯಿಗೆ ಅದು ಸರಿ. ಡಾಕ್ಟರ್ ಕಂಡರೆ ಮೂತ್ರ ಮಾಡಿಕೊಂಡು ನಡುಗುವ ನಾಯಿಗೆ? ಅದೇ ಕಾಯಿಲೆ, ಅದೇ ದುಡ್ಡು, ದಿನಗಳು ಮಾತ್ರ ಬೇರೆ.

ಕಾಲಿನ ಮೂಳೆಯ ಕ್ಯಾನ್ಸರ್ ದೊಡ್ಡ ತಳಿಗಳಲ್ಲಿ ಜಾಸ್ತಿ. ಕಾಲು ತೆಗೆಸಿದರೆ ನಾಲ್ಕೈದು ತಿಂಗಳು, ಜೊತೆಗೆ ಕೀಮೋ ಸೇರಿಸಿದರೆ ಹತ್ತು ಹನ್ನೆರಡು ತಿಂಗಳು ಅನ್ನುವುದು ಸಾಮಾನ್ಯ ಅಂದಾಜು. ಕಾಲು ತೆಗೆಸುವುದು ಕ್ರೂರ ಅಂತ ನಮಗೆ ಅನಿಸುತ್ತದೆ. ಆದರೆ ನೋವಿನ ಕಾಲು ಹೋದ ಮೇಲೆ ಮೂರು ಕಾಲಿನಲ್ಲಿ ನಾಯಿ ಓಡಾಡುವುದನ್ನು ನೋಡಿದವರಿಗೆ ಆ ಅಭಿಪ್ರಾಯ ಬದಲಾಗುತ್ತದೆ. ಉಳಿದ ಮೂರು ಕಾಲು, ಸೊಂಟ ಗಟ್ಟಿ ಇದೆಯೇ, ತೂಕ ಮಿತಿಯಲ್ಲಿದೆಯೇ ಅನ್ನುವುದನ್ನು ಮೊದಲು ನೋಡಬೇಕು, ಅಷ್ಟೇ. ಗುಲ್ಮದಲ್ಲಿ (ಸ್ಪ್ಲೀನ್) ಬರುವ ರಕ್ತನಾಳದ ಕ್ಯಾನ್ಸರ್ ವಿಷಯ ಬೇರೆ. ಆಪರೇಷನ್ ಆದರೂ ಸಿಗುವುದು ಒಂದರಿಂದ ಮೂರು ತಿಂಗಳು. ನನ್ನ ಮನೆಯಲ್ಲಾಗಿದ್ದರೆ ನಾನು ಅಲ್ಲಿ ನಿಲ್ಲಿಸುತ್ತಿದ್ದೆ. ಗುಲ್ಮದ ಗಡ್ಡೆಗಳೆಲ್ಲ ಕೆಟ್ಟವಲ್ಲ ಅನ್ನುವುದನ್ನೂ ಮರೆಯಬಾರದು, ಡಾಕ್ಟರ್ ಹತ್ತಿರ ಕೂತು ಮಾತಾಡಿಯೇ ತೀರ್ಮಾನಿಸಬೇಕು.

ವಯಸ್ಸಾದ ಸಣ್ಣ ತಳಿಗಳ ಹೃದಯದ ಕವಾಟದ ತೊಂದರೆಗೆ ಜೀವನಪೂರ್ತಿ ಮಾತ್ರೆ. ಇದು ಒಮ್ಮೆಗೇ ಬರುವ ದೊಡ್ಡ ಬಿಲ್ ಅಲ್ಲ, ತಿಂಗಳ ಖರ್ಚು. ಮನೆಯಲ್ಲೇ ಗಮನಿಸಲು ಒಂದು ಸುಲಭದ ದಾರಿ ಇದೆ. ಗಾಢ ನಿದ್ದೆಯಲ್ಲಿದ್ದಾಗ ಒಂದು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ. 30ಕ್ಕಿಂತ ಕಡಿಮೆ ಇರಬೇಕು. ದಿನೇ ದಿನೇ ಏರುತ್ತಿದ್ದರೆ ಡಾಕ್ಟರಿಗೆ ಫೋನ್ ಮಾಡಿ.

ಕಿಡ್ನಿ: ಒಂದೇ ಹೆಸರಿನ ಎರಡು ಕಾಯಿಲೆ

ನಾವು ಎಡವಿದ ಜಾಗ ಇದು, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

"ಕಿಡ್ನಿ ಫೇಲ್" ಅಂತ ಒಂದೇ ಮಾತಿನಲ್ಲಿ ಹೇಳುತ್ತೇವೆ. ಒಳಗೆ ಎರಡು ಬೇರೆ ಕಾಯಿಲೆ ಇವೆ. ಮೊದಲನೆಯದು ಇದ್ದಕ್ಕಿದ್ದಂತೆ ಬರುವುದು. ನಿನ್ನೆ ಮೊನ್ನೆಯವರೆಗೂ ಚೆನ್ನಾಗಿದ್ದ ನಾಯಿ ಇಲಿಜ್ವರ ತಗುಲಿಯೋ, ಏನೋ ವಿಷ ತಿಂದೋ, ಮನುಷ್ಯರ ನೋವಿನ ಮಾತ್ರೆ ಹೊಟ್ಟೆಗೆ ಹೋಗಿಯೋ ಮಲಗಿಬಿಡುತ್ತದೆ. ಕ್ರಿಯಾಟಿನಿನ್ ಗಾಬರಿಯಾಗುವಷ್ಟು ಏರಿರುತ್ತದೆ. ಆದರೂ ಇಲ್ಲಿ ಕಿಡ್ನಿ ಮತ್ತೆ ಚೇತರಿಸಿಕೊಳ್ಳುವ ಅವಕಾಶ ಇದೆ. ಡ್ರಿಪ್ಸ್, ಬೇಕಾದರೆ ಡಯಾಲಿಸಿಸ್, ಇವು ಕಿಡ್ನಿ ಸುಧಾರಿಸಿಕೊಳ್ಳುವವರೆಗೆ ಆಸರೆ. ದುಡ್ಡು ಹಾಕುವುದಕ್ಕೆ ಅರ್ಥ ಇದೆ.

ಎರಡನೆಯದು ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಸವೆಯುವುದು. ಕಿಡ್ನಿಯ ಮುಕ್ಕಾಲು ಪಾಲು ಕೆಲಸ ನಿಂತ ಮೇಲೆಯೇ ಕ್ರಿಯಾಟಿನಿನ್ ಏರಿದ್ದು ರಕ್ತದಲ್ಲಿ ಕಾಣುತ್ತದೆ. ಹಾಗಾಗಿ ನಮಗೆ ಅದು ಇದ್ದಕ್ಕಿದ್ದಂತೆ ಬಂದಂತೆ ತೋರುತ್ತದೆ. ಹಿಂದಕ್ಕೆ ತಿರುಗಿ ನೋಡಿದರೆ ಗುರುತುಗಳು ಇದ್ದವು. ಕೆಂಚ ಬೇಸಿಗೆಯಿಂದಲೇ ನೀರಿನ ಬಟ್ಟಲು ದಿನಕ್ಕೆ ಮೂರು ಸಲ ಖಾಲಿ ಮಾಡುತ್ತಿದ್ದ. ರಾತ್ರಿ ಎದ್ದು ಬಾಗಿಲು ಕೆರೆಯುತ್ತಿದ್ದ. ತೂಕ 24 ಕಿಲೋದಿಂದ 19ಕ್ಕೆ ಬಂದಿತ್ತು. ಬಿಸಿಲು ಜಾಸ್ತಿ, ವಯಸ್ಸಾಯಿತು ಅಂತ ಅಮ್ಮನೂ ನಾನೂ ಅಂದುಕೊಂಡೆವು. ಸ್ಕ್ಯಾನ್ ಮಾಡಿದಾಗ ಕಿಡ್ನಿ ಚಿಕ್ಕದಾಗಿ, ಗಂಟುಗಂಟಾಗಿ ಕಂಡಿತು. ರಕ್ತಹೀನತೆಯೂ ಇತ್ತು. ಇವೆಲ್ಲ ಹಳೆಯ ಕಾಯಿಲೆಯ ಗುರುತು. ಸವೆದ ಕಿಡ್ನಿ ಮತ್ತೆ ಬೆಳೆಯುವುದಿಲ್ಲ.

ಇದಕ್ಕೆ ನಾಲ್ಕು ಹಂತಗಳಿವೆ. ನಾಯಿಗಳಲ್ಲಿ ಕ್ರಿಯಾಟಿನಿನ್ 1.4ರಿಂದ 2.8ರವರೆಗೆ ಎರಡನೇ ಹಂತ, 2.9ರಿಂದ 5ರವರೆಗೆ ಮೂರನೇ ಹಂತ, 5 ದಾಟಿದರೆ ನಾಲ್ಕನೆಯದು. ಬೆಕ್ಕಿಗೂ ಹೆಚ್ಚುಕಡಿಮೆ ಇದೇ, ಎರಡನೇ ಹಂತ 1.6ರಿಂದ ಶುರು. ನಾಯಿ ಮೈ ಒಣಗಿದ ಹೊತ್ತಿನಲ್ಲಿ ತೆಗೆದ ಅಂಕಿ ನಂಬಬೇಡಿ, ಡ್ರಿಪ್ಸ್ ಹಾಕಿ ಮೈಯಲ್ಲಿ ನೀರು ಸರಿಯಾದ ಮೇಲೆ ಬರುವ ಅಂಕಿಯೇ ನಿಜ. ಎರಡನೇ ಹಂತದಲ್ಲಿ ಸಿಕ್ಕಿದರೆ ಊಟ ಬದಲಾಯಿಸಿ, ಮನೆಯಲ್ಲೇ ನೋಡಿಕೊಂಡು ಬಹಳ ಕಾಲ ಚೆನ್ನಾಗಿ ಇಡಬಹುದು. ಬೆಕ್ಕುಗಳಂತೂ ವರ್ಷಗಟ್ಟಲೆ ಇರುತ್ತವೆ. ನಾಲ್ಕನೇ ಹಂತದ ಹಳೇ ಕಾಯಿಲೆಗೆ ಒಂಬತ್ತು ದಿನ ಆಸ್ಪತ್ರೆ ಅಂದರೆ, ಸೋರುವ ಬಿಂದಿಗೆಗೆ ನೀರು ತುಂಬಿದ ಹಾಗೆ. ಎರಡು ಮೂರು ದಿನ ಡ್ರಿಪ್ಸ್ ಹಾಕಿ ನೋಡಿ. ಅಂಕಿ ಚೆನ್ನಾಗಿ ಇಳಿದರೆ, ಊಟ ಶುರುವಾದರೆ ಸರಿ. ಇಲ್ಲದಿದ್ದರೆ ಮನೆಗೆ ಕರೆದುಕೊಂಡು ಬನ್ನಿ. ಇದನ್ನು ಯಾರಾದರೂ ನನಗೆ ಮೊದಲ ದಿನವೇ ಹೇಳಿದ್ದರೆ ಅಂತ ಈಗಲೂ ಅನಿಸುತ್ತದೆ.

ಖಾಸಗಿ ಆಸ್ಪತ್ರೆಯೋ, ಹೆಬ್ಬಾಳವೋ

ಬೆಂಗಳೂರಿನಲ್ಲಿ ಇರುವವರಿಗೆ ಒಂದು ಅನುಕೂಲ ಇದೆ. ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜಿದೆ, ಅದರ ಆಸ್ಪತ್ರೆ ಇದೆ. ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಖಾಸಗಿಗೆ ಹೋಲಿಸಿದರೆ ಖರ್ಚು ತುಂಬಾ ಕಡಿಮೆ. ಹೆಬ್ಬಾಳದಲ್ಲಿ ಪಾಠ ಹೇಳುವ ಪ್ರೊಫೆಸರುಗಳೇ ನೋಡುತ್ತಾರೆ. ಮೂಳೆ, ಕಣ್ಣು, ಆಪರೇಷನ್ ಅಂತ ಬೇರೆ ಬೇರೆ ವಿಭಾಗದವರು ಒಂದೇ ಕಡೆ ಸಿಗುತ್ತಾರೆ.

ಆದರೆ ದೂರವೂ ಒಂದು ಖರ್ಚು. ನಮ್ಮ ಮನೆಯಿಂದ ಹೆಬ್ಬಾಳಕ್ಕೆ ಬೆಳಗ್ಗೆ ಹೊರಟರೆ ಟ್ರಾಫಿಕ್‌ನಲ್ಲಿ ಒಂದು ಗಂಟೆ ಮೇಲೆ. ನಾಯಿ ಅಂದರೆ ಎಷ್ಟೋ ಆಟೋದವರು ಬರುವುದಿಲ್ಲ. ಅಲ್ಲಿ ಸರದಿ, ಪರೀಕ್ಷೆಗೆ ಇನ್ನೊಂದು ಸರದಿ. ಒಂದು ದಿನ ರಜೆ ಹಾಕಿಕೊಂಡೇ ಹೋಗಬೇಕು. ಉಸಿರಾಡಲು ಕಷ್ಟಪಡುತ್ತಿರುವ ಪ್ರಾಣಿಯನ್ನು ಅಷ್ಟು ದೂರ ಒಯ್ಯಬಾರದು. ಬೆಕ್ಕನ್ನು ಬೊಗಳುವ ನಾಯಿಗಳ ನಡುವೆ ಬುಟ್ಟಿಯಲ್ಲಿಟ್ಟು ಗಂಟೆಗಟ್ಟಲೆ ಕಾಯಿಸುವುದೂ ಅದಕ್ಕೆ ಹಿಂಸೆ. ಬುಟ್ಟಿಯ ಮೇಲೆ ಟವೆಲ್ ಮುಚ್ಚಿ.

ನನ್ನ ಲೆಕ್ಕ ಹೀಗೆ. ತುರ್ತು, ರಾತ್ರಿ, ಉಸಿರಿನ ತೊಂದರೆ ಇದ್ದರೆ ಹತ್ತಿರದ ಖಾಸಗಿ ಆಸ್ಪತ್ರೆ. ಎರಡು ದಿನ ತಡೆಯಬಲ್ಲ ಆಪರೇಷನ್, ಗಡ್ಡೆ, ಮುರಿದ ಮೂಳೆ, ಎರಡನೇ ಅಭಿಪ್ರಾಯ ಬೇಕಾದರೆ ಹೆಬ್ಬಾಳ. ಖಾಸಗಿಯಲ್ಲಿ ಮಾಡಿಸಿದ ರಕ್ತದ ರಿಪೋರ್ಟ್, ಎಕ್ಸ್‌ರೇ, ಸ್ಕ್ಯಾನ್ ಎಲ್ಲದರ ಪ್ರತಿ ಕೇಳಿ ಪಡೆದುಕೊಳ್ಳಿ. ಅವು ಕೈಯಲ್ಲಿದ್ದರೆ ಬೇರೆ ಕಡೆ ಮತ್ತೆ ಮಾಡಿಸುವ ಖರ್ಚು ಉಳಿಯುತ್ತದೆ. ನಿಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರನ್ನೂ ಬಿಡಬೇಡಿ. ದೊಡ್ಡ ಆಸ್ಪತ್ರೆಯವರು ಹೇಳಿದ್ದನ್ನು ಅವರ ಹತ್ತಿರ ತೆಗೆದುಕೊಂಡು ಹೋಗಿ, "ನಿಮ್ಮ ನಾಯಿಯಾಗಿದ್ದರೆ ಏನು ಮಾಡುತ್ತಿದ್ದಿರಿ ಸರ್?" ಅಂತ ಕೇಳಿ. ಆ ಪ್ರಾಣಿಯನ್ನು ಮರಿಯಿಂದ ನೋಡಿದವರ ಮಾತಿಗೆ ಬೆಲೆ ಜಾಸ್ತಿ.

ದುಡ್ಡಿನ ಮಾತು ಮನೆಯಲ್ಲಿ ಆಡಿ

ಬರೆದುಕೊಟ್ಟ ಎಸ್ಟಿಮೇಟ್ ಕೇಳುವುದು ಅವಮಾನವಲ್ಲ. ಅದು ಎಷ್ಟು ದಿನಕ್ಕೆ, ಔಷಧಿ ಸೇರಿದೆಯಾ, ದಿನಾ ಮಾಡುವ ಪರೀಕ್ಷೆ ಸೇರಿದೆಯಾ ಅಂತ ಕೇಳಿ. ಕೌಂಟರಿನಲ್ಲಿ ನಿಂತು, ನಾಯಿಯ ಮುಖ ನೋಡುತ್ತಾ ದುಡ್ಡಿನ ತೀರ್ಮಾನ ಮಾಡಬೇಡಿ. ಹೊರಗೆ ಬಂದು, ಮನೆಯವರಿಗೆ ಫೋನ್ ಮಾಡಿ, ಇಷ್ಟರವರೆಗೆ ಅಂತ ಒಂದು ಮೊತ್ತ ಗೊತ್ತು ಮಾಡಿಕೊಳ್ಳಿ. ಎರಡನೇ ಸಲ ನನ್ನ ತಂಗಿ ಕಿವಿಯೋಲೆ ಅಡ ಇಟ್ಟಳು. ಅವಳ ಮನಸ್ಸು ದೊಡ್ಡದು. ಆದರೆ ಆ ತೀರ್ಮಾನ ಮಾಡುವಾಗ ಇದು ವಾಸಿಯಾಗದ ಕಾಯಿಲೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಆ ತಪ್ಪು ನನ್ನದು.

ಅಪ್ಪನ ಬಿಪಿ ಮಾತ್ರೆ, ಮಕ್ಕಳ ಫೀಸು, ಮನೆ ಬಾಡಿಗೆ ಇವನ್ನು ಮುಟ್ಟುವ ಹಂತ ಬಂದರೆ ಅಲ್ಲಿಗೆ ನಿಲ್ಲಿಸಬಹುದು. ಹಾಗೆ ನಿಲ್ಲಿಸಿದವರಿಗೆ ಪ್ರೀತಿ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಪೆಟ್ ಇನ್ಶೂರೆನ್ಸ್ ಈಗ ಇದೆ. ಆದರೆ ಕಾಯಿಲೆ ಕಂಡ ಮೇಲೆ ಮಾಡಿಸಿದರೆ ಆ ಕಾಯಿಲೆಗೆ ಸಿಗುವುದಿಲ್ಲ. ಚಿಕ್ಕ ವಯಸ್ಸಿನಲ್ಲೇ ಮಾಡಿಸಿ, ಇಲ್ಲಾ ತಿಂಗಳಿಗೆ ಇಷ್ಟು ಅಂತ ಒಂದು ಆರ್‌ಡಿ ತೆರೆಯಿರಿ.

ಕೈಲಾಗದೆ ಪ್ರಾಣಿಯನ್ನು ದೂರ ಒಯ್ದು ಬಿಟ್ಟು ಬರುವವರೂ ಇದ್ದಾರೆ. ದಯವಿಟ್ಟು ಬೇಡ. ಹಸಿವು, ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಕಾಯಿಲೆಯ ಪ್ರಾಣಿ ನಿಮ್ಮನ್ನು ಹುಡುಕುತ್ತಾ ಸಾಯುತ್ತದೆ.

ನಡುವೆ ಒಂದು ದಾರಿ ಇದೆ

ಅಡ್ಮಿಟ್ ಮಾಡುವುದು, ಇಲ್ಲಾ ದಯಾಮರಣದ ಇಂಜೆಕ್ಷನ್ ಕೊಡಿಸುವುದು, ಇವೆರಡೇ ಅಂತ ನಾವು ಅಂದುಕೊಂಡಿರುತ್ತೇವೆ. ಮನೆ ಆರೈಕೆ ಅನ್ನುವ ಮೂರನೆಯದನ್ನು ಕೇಳಿ ಪಡೆಯಬೇಕು. "ವಾಸಿ ಮಾಡುವ ಪ್ರಯತ್ನ ಬೇಡ ಡಾಕ್ಟ್ರೇ. ನೋವು, ವಾಂತಿ ಇಲ್ಲದ ಹಾಗೆ ಮನೆಯಲ್ಲಿ ಇಡಲು ಏನು ಮಾಡಬೇಕು ಹೇಳಿ" ಅಂತ ಕೇಳಿ. ವಾಂತಿಗೆ ಮಾತ್ರೆ, ಹಸಿವಿಗೆ ಮಾತ್ರೆ, ನೋವಿಗೆ ಔಷಧಿ ಬರೆದುಕೊಡುತ್ತಾರೆ. ಕಿಡ್ನಿ ಕಾಯಿಲೆಗೆ ಚರ್ಮದ ಕೆಳಗೆ ಡ್ರಿಪ್ಸ್ ಕೊಡುವುದನ್ನು ಹೇಳಿಕೊಡುತ್ತಾರೆ. ಹೆಗಲ ಹತ್ತಿರ ಚರ್ಮ ಎತ್ತಿ ಹಿಡಿದು ಸೂಜಿ ಹಾಕುವುದು. ಮೊದಲ ದಿನ ಕೈ ನಡುಗಿತು. ಮೂರನೇ ದಿನ ಅಮ್ಮ ಬಾಟಲಿಯನ್ನು ಕಿಟಕಿಯ ಸರಳಿಗೆ ಕಟ್ಟಿದರು, ಹತ್ತು ನಿಮಿಷದಲ್ಲಿ ಮುಗಿಯಿತು. ಕೆಂಚ ಅಮ್ಮನ ಕಾಲ ಮೇಲೆ ತಲೆ ಇಟ್ಟು ಮಲಗಿದ್ದ. ಆಸ್ಪತ್ರೆಯ ಒಂದು ದಿನಕ್ಕೆ ಕೊಟ್ಟ ದುಡ್ಡಿನಲ್ಲಿ ಈ ನಾಲ್ಕು ದಿನ ಪೂರ್ತಿ ನಡೆಯಿತು, ಇನ್ನೂ ಮಿಕ್ಕಿತು.

ಮನುಷ್ಯರ ಮಾತ್ರೆ ಮಾತ್ರ ಕೊಡಬೇಡಿ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಕಿಡ್ನಿ ಕೆಡಿಸುತ್ತದೆ.

ಮನೆ ಆರೈಕೆಗೆ ಆಳು ಬೇಕು. ಎರಡನೇ ಮಹಡಿ, ಲಿಫ್ಟ್ ಇಲ್ಲ, ಇಬ್ಬರೂ ಕೆಲಸಕ್ಕೆ ಹೋಗುವವರು, 30 ಕಿಲೋ ನಾಯಿ ಅಂದರೆ ಇದು ಅಷ್ಟು ಸುಲಭವಲ್ಲ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ದಿನಗಳು ಹೇಗಿವೆ ಅಂತ ಅಳೆಯಲು ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಒಂದು ಪಟ್ಟಿ ಮಾಡಿದ್ದಾರೆ. ನೋವು, ಹಸಿವು, ಮೈಯಲ್ಲಿ ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿ ಇದೆಯೇ, ಹೀಗೆ ಏಳು. ಒಂದೊಂದಕ್ಕೂ ಹತ್ತರಲ್ಲಿ ಅಂಕ. ಒಟ್ಟು 35 ದಾಟಿದರೆ ಮುಂದುವರಿಸಬಹುದು. ಇದನ್ನು ಮನೆಯವರು ಒಬ್ಬೊಬ್ಬರೇ ಬೇರೆ ಬೇರೆ ಬರೆಯಿರಿ. ನಾನು 38 ಹಾಕಿದ ದಿನ ತಂಗಿ 24 ಹಾಕಿದ್ದಳು. ಅವಳು ರಾತ್ರಿ ಅವನ ಪಕ್ಕ ಮಲಗಿದ್ದವಳು. ಅವಳ ಅಂಕವೇ ಸರಿಯಾಗಿತ್ತು. ಅಂಕದ ಜೊತೆಗೆ, ನಿಮ್ಮ ಪ್ರಾಣಿಗೆ ಪ್ರಾಣವಾಗಿರುವ ಮೂರು ಸಂಗತಿ ಬರೆದಿಡಿ. ಕೆಂಚನಿಗೆ ಗೇಟು, ಮೊಸರನ್ನ, ಅಪ್ಪನ ಸ್ಕೂಟರಿನ ಸದ್ದು. ಸ್ಕೂಟರ್ ಬಂದರೂ ಅವನು ತಲೆ ಎತ್ತದ ಸಂಜೆ ನಾವು ಡಾಕ್ಟರಿಗೆ ಫೋನ್ ಮಾಡಿದೆವು.

ತಾನಾಗೇ ಹೋಗಲಿ ಅನ್ನುವುದು, ದಯಾಮರಣ

ನಮ್ಮ ಮನೆಗಳಲ್ಲಿ ಈ ಮಾತು ಕಷ್ಟ. "ಜೀವ ಕೊಟ್ಟವನು ತೆಗೆದುಕೊಳ್ಳಲಿ, ನಾವು ಯಾಕೆ ಪಾಪ ಕಟ್ಟಿಕೊಳ್ಳಬೇಕು" ಅಂತ ಅಮ್ಮ ಅಂದರು. ಆ ನಂಬಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ವಯಸ್ಸಾಗಿ, ಊಟ ಬಿಟ್ಟು, ಒಂದೆರಡು ದಿನ ಮಲಗಿ ಶಾಂತವಾಗಿ ಹೋಗುವ ಪ್ರಾಣಿಗಳೂ ಇವೆ. ಅವನ್ನು ಮನೆಯ ಮೂಲೆಯಲ್ಲಿ, ಕೈ ಹಿಡಿದು ಕಳಿಸಬಹುದು. ಆದರೆ ಎಲ್ಲ ಕಾಯಿಲೆಯೂ ಹಾಗೆ ಮುಗಿಯುವುದಿಲ್ಲ. ಕಿಡ್ನಿ ಪೂರ್ತಿ ನಿಂತರೆ ಬಾಯಲ್ಲಿ ಹುಣ್ಣು, ನಿಲ್ಲದ ವಾಕರಿಕೆ, ಕೊನೆಗೆ ಫಿಟ್ಸ್. ಶ್ವಾಸಕೋಶದಲ್ಲಿ ನೀರು ತುಂಬಿದರೆ ಮುಳುಗಿದಂತೆ. ಇವನ್ನು "ತಾನಾಗೇ" ಅಂತ ಬಿಡುವುದು ನನ್ನ ಕೈಲಾಗದ ಮಾತು. "ಮುಂದೆ ಇದು ಹೇಗೆ ಮುಗಿಯುತ್ತದೆ?" ಅಂತ ಡಾಕ್ಟರನ್ನೇ ಕೇಳಿ, ಆಮೇಲೆ ತೀರ್ಮಾನಿಸಿ. ಅಮ್ಮ ಕೇಳಿದರು. ಕೇಳಿದ ಮೇಲೆ ಅವರೇ ಒಪ್ಪಿದರು.

ಏನು ನಡೆಯುತ್ತದೆ ಅಂತ ಮೊದಲೇ ಗೊತ್ತಿದ್ದರೆ ಭಯ ಕಡಿಮೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಮೊದಲು ನಿದ್ದೆಯ ಇಂಜೆಕ್ಷನ್. ಪ್ರಾಣಿ ಗಾಢ ನಿದ್ದೆಗೆ ಹೋದ ಮೇಲೆ ರಕ್ತನಾಳದ ಮೂಲಕ ಅರಿವಳಿಕೆಯ ದೊಡ್ಡ ಪ್ರಮಾಣ. ಕೆಲವೇ ನಿಮಿಷದಲ್ಲಿ ಉಸಿರು, ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರಬಹುದು, ಮೂತ್ರ ಹೋಗಬಹುದು, ಒಂದೆರಡು ಸಲ ಮೈ ಅದುರಬಹುದು. ಅದು ನೋವಲ್ಲ. ಮನೆಗೆ ಬರುವ ಡಾಕ್ಟರುಗಳೂ ಇದ್ದಾರೆ, ಮೊದಲೇ ವಿಚಾರಿಸಿಡಿ. ನೀವು ಹತ್ತಿರ ಇರಲು ಸಾಧ್ಯವಾದರೆ ಇರಿ. ಬಿಲ್ಲನ್ನು ಮುಂಚೆಯೇ ಕೊಟ್ಟುಬಿಡಿ, ಆಮೇಲೆ ಕೌಂಟರಿನಲ್ಲಿ ನಿಲ್ಲುವ ಶಕ್ತಿ ಇರುವುದಿಲ್ಲ.

ಮಣ್ಣು ಮಾಡಲು ಸ್ವಂತ ಜಾಗ ಇಲ್ಲದವರಿಗೆ ಸುಮನಹಳ್ಳಿಯಲ್ಲಿ ಪ್ರಾಣಿಗಳ ವಿದ್ಯುತ್ ಚಿತಾಗಾರ ಇದೆ. ಹೊರಡುವ ಮುಂಚೆ ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಹಳೇ ಕಾಟನ್ ಸೀರೆ ಅಥವಾ ಪಂಚೆಯಲ್ಲಿ ಸುತ್ತಿ ಒಯ್ಯಿರಿ, ಪ್ಲಾಸ್ಟಿಕ್ ಬೇಡ. ಮನೆಯಲ್ಲಿ ಇನ್ನೊಂದು ಪ್ರಾಣಿ ಇದ್ದರೆ ಒಯ್ಯುವ ಮುಂಚೆ ಅದಕ್ಕೂ ಒಮ್ಮೆ ಮೂಸಲು ಬಿಡಿ. ನಮ್ಮ ಬೆಕ್ಕು ಮಿನ್ನಿ ಬಂದು ಕೆಂಚನ ಕಿವಿ ನೆಕ್ಕಿ, ಪಕ್ಕದಲ್ಲೇ ಕೂತಿತು.

ಸೀಲ್ ಒಡೆಯದ ನಾಲ್ಕು ಡ್ರಿಪ್ಸ್ ಬಾಟಲಿ, ವಾಂತಿಯ ಮಾತ್ರೆಯ ಒಂದು ಪಟ್ಟಿ ಮಿಕ್ಕಿತ್ತು. ಹೆಬ್ಬಾಳದ ಕಾಲೇಜಿನ ಆವರಣದಲ್ಲಿ 1991ರಲ್ಲಿ ಶುರುವಾದ ಕ್ಯುಪಾ ಸಂಸ್ಥೆ ಇದೆ, ಬೀದಿ ಪ್ರಾಣಿಗಳನ್ನು ನೋಡಿಕೊಳ್ಳುತ್ತದೆ. ಹದಿನೈದು ದಿನ ಆದ ಮೇಲೆ ತಂಗಿಯೂ ನಾನೂ ಆ ಚೀಲ ಹಿಡಿದು ಹೆಬ್ಬಾಳದ ಬಸ್ಸು ಹತ್ತಿದೆವು.